ಹಲಗೆಯ ಮೇಲೆ ಮಗ್ಗದ ಲಯ: ದಾವಣಗೆರೆಯ ಶಬ್ದ ಕಲಾವಿದೆಯೊಬ್ಬರ ಪ್ರಕರಣ

ಈ ಪ್ರಕರಣದ ಕಲಾವಿದೆ ದಾವಣಗೆರೆಯವರು. ವಯಸ್ಸು ನಲವತ್ತರ ಆಸುಪಾಸು. ಸಂಗೀತ ಸಂಯೋಜನೆ ಮಾಡುತ್ತಾರೆ. ಆದರೆ ಅದರಲ್ಲಿ ಹಾಡು ಇರುವುದಿಲ್ಲ, ರಾಗ ಇರುವುದಿಲ್ಲ, ಎಷ್ಟೋ ಸಲ ವಾದ್ಯವೂ ಇರುವುದಿಲ್ಲ. ಯಂತ್ರದ ಸದ್ದು, ನೀರು, ಜನರ ಮಾತು, ಖಾಲಿ ಕೋಣೆಯ ಗುಂಯ್ ಎನ್ನುವ ಶಬ್ದ, ಇವನ್ನೇ ಜೋಡಿಸಿ ಕೃತಿ ಮಾಡುತ್ತಾರೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಹೆಸರು ಹಾಕಿಲ್ಲ. ಗುರುತು ಸಿಗಬಾರದು ಎಂದು ಮನೆಯವರ ಮತ್ತು ಜಾಗಗಳ ಕೆಲವು ವಿವರ ಬದಲಿಸಿದ್ದೇನೆ. ನಾನು ಊರಿನಲ್ಲಿ ನಾಟಕ ಸಂಘಟನೆ ಮಾಡುವವನು. ಅವರ ಕೆಲಸಕ್ಕೆ ಕುರ್ಚಿ ಹಾಕಿದ್ದೇನೆ, ಕರಪತ್ರ ಹಂಚಿದ್ದೇನೆ, ದುಡ್ಡಿನ ಲೆಕ್ಕವನ್ನೂ ನೋಡಿದ್ದೇನೆ.

ಇಂಥ ಹೊಸ ಬಗೆಯ ಕೆಲಸ ಮಾಡುವ ಹುಡುಗ ಹುಡುಗಿಯರು ಈಗ ಜಿಲ್ಲಾ ಕೇಂದ್ರಗಳಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಬೆಂಗಳೂರಿಗೆ ಹೋಗದೆ ಇದರಲ್ಲಿ ಬದುಕಲು ಆಗುತ್ತದಾ ಎಂದು ಕೇಳುತ್ತಾರೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಒಬ್ಬರು ಯಾವ ಯಾವ ಕಡೆ ತಿರುಗಿಕೊಂಡರು ಎಂದು ಹೇಳಬಹುದು.

ಹಿನ್ನೆಲೆ

ಅಪ್ಪ ಹತ್ತಿ ಗಿರಣಿಯ ಮಗ್ಗದ ಖಾತೆಯಲ್ಲಿ ಕೆಲಸಕ್ಕಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದ ಕೊನೆಯ ತಲೆಮಾರು ಅದು. ಮಿಲ್ಲಿನ ಸೈರನ್ ಕೇಳಿ ಒಲೆ ಹಚ್ಚುವ, ಮಕ್ಕಳನ್ನು ಎಬ್ಬಿಸುವ ಮನೆಗಳು ಆಗ ಬೇಕಾದಷ್ಟಿದ್ದವು. ಕಲಾವಿದೆ ಹೈಸ್ಕೂಲಿಗೆ ಬರುವ ಹೊತ್ತಿಗೆ ಅಪ್ಪನ ಗಿರಣಿ ಬಾಗಿಲು ಹಾಕಿತ್ತು. ಅಪ್ಪ ಕಿರಾಣಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿದರು. ಕಿವಿ ಮಂದವಾಗಿತ್ತು. ಮನೆಯಲ್ಲಿ ಎಲ್ಲರೂ ಜೋರಾಗಿ ಮಾತಾಡುವುದು ರೂಢಿ. ಆ ಬೀದಿಯ ಎಷ್ಟೋ ಮನೆಗಳಲ್ಲಿ ಹಾಗೇ ಇದ್ದದ್ದರಿಂದ ಯಾರಿಗೂ ಅದು ವಿಶೇಷ ಅನ್ನಿಸಿರಲಿಲ್ಲ.

ಸೋದರಮಾವ ನಾಟಕ ಕಂಪನಿಯವರು. ಇದು ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು, ಚಿಂದೋಡಿ ಲೀಲಾ ಅವರ ಊರು. ಮಾವ ಇದ್ದದ್ದು ಬೇರೊಂದು ಸಣ್ಣ ಕಂಪನಿಯಲ್ಲಿ. ಬಣ್ಣ ಹಚ್ಚಿದವರಲ್ಲ. ಸೈಡ್ ವಿಂಗ್‌ನಲ್ಲಿ ನಿಂತು ತಗಡು ಅಲ್ಲಾಡಿಸಿ ಗುಡುಗು ತರುವವರು, ತೆಂಗಿನ ಚಿಪ್ಪು ಬಡಿದು ಕುದುರೆ ಓಡಿಸುವವರು. ಗುಡುಗು ಮಾತಿಗಿಂತ ಒಂದು ಉಸಿರು ಮುಂಚೆ ಬರಬೇಕು, ಆಮೇಲೆ ಬಂದರೆ ಜನ ನಗ್ತಾರೆ ಎಂದು ಅವರು ಹೇಳಿಕೊಟ್ಟಿದ್ದರಂತೆ. ಈ ಮಾವ ಮುಂದೆ ಕೆಲಸಕ್ಕೆ ಬರುತ್ತಾರೆ.

ಉಳಿದದ್ದು ಬೇಗ ಹೇಳಬಹುದು. ಕಲಾವಿದೆ ಹಾರ್ಮೋನಿಯಂ ಕಲಿತರು, ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಿದರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದರು. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಧಾರಾವಾಹಿಗಳಿಗೆ ಸೌಂಡ್ ಎಡಿಟಿಂಗ್ ಮಾಡುವ ಕೆಲಸ ಸಿಕ್ಕಿತು. ಅತ್ತೆಯ ಮುಖ ಮೂರು ಸಲ ತೋರಿಸುವಾಗ ಧಡ್ ಧಡ್ ಧಡ್ ಎನ್ನುವ ಸದ್ದು ಹಾಕುತ್ತಾರಲ್ಲ, ಆ ಕೆಲಸ.

ಅಲ್ಲೊಂದು ಕಿರಿಕಿರಿ ಶುರುವಾಯಿತು. ಹಳ್ಳಿಯ ರಾತ್ರಿಯ ದೃಶ್ಯ ಬಂದರೆ ರೆಡಿಮೇಡ್ ಲೈಬ್ರರಿಯಿಂದ ಜೀರುಂಡೆ ಸದ್ದು ತೆಗೆದು ಹಾಕಬೇಕು. ಆ ಲೈಬ್ರರಿ ಹೊರದೇಶದ್ದು. ಹೊಳಲ್ಕೆರೆ ಕಡೆಯ ತೋಟದ ಮನೆಯಲ್ಲಿ ಯಾವುದೋ ದೂರದ ಕಾಡಿನ ಕೀಟ ಕೂಗುತ್ತಿತ್ತು. ಪ್ರೇಕ್ಷಕರಿಗೆ ಗೊತ್ತಾಗಲಿಲ್ಲ, ನಿರ್ದೇಶಕರಿಗೆ ಬೇಕಾಗಿರಲಿಲ್ಲ. ಇವರು ಸಣ್ಣ ರೆಕಾರ್ಡರ್ ಒಂದನ್ನು ಕೊಂಡು, ಊರಿಗೆ ಬಂದಾಗಲೆಲ್ಲ ರಾತ್ರಿಯ ಸದ್ದು ಹಿಡಿಯತೊಡಗಿದರು. ಧಾರಾವಾಹಿಗೆಂದು ಶುರುವಾದ ಕೆಲಸ ಧಾರಾವಾಹಿಗೆ ಬೇಡವಾಗುವಷ್ಟು ಉದ್ದ ಬೆಳೆಯಿತು. ಇದರ ನಡುವೆ ಬೆಂಗಳೂರಿನ ಒಂದು ಕಾರ್ಯಾಗಾರದಲ್ಲಿ ಈ ದಾರಿಯಲ್ಲಿ ಮೊದಲು ನಡೆದವರ ಪರಿಚಯ ಆಯಿತು. ರೈಲಿನ ಸದ್ದನ್ನೇ ಕತ್ತರಿಸಿ ಅಂಟಿಸಿ 1948ರಲ್ಲಿ ಕೃತಿ ಮಾಡಿದ ಫ್ರಾನ್ಸಿನ ಪಿಯರ್ ಶೆಫರ್. ನ್ಯೂಯಾರ್ಕಿನಲ್ಲಿ 1946ರಲ್ಲಿ ಅಮೆರಿಕದ ಸಂಯೋಜಕ ಜಾನ್ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟು, ಅವರಿಂದ ಪಾಶ್ಚಾತ್ಯ ಸಂಗೀತ ಕಲಿತ ಅಹಮದಾಬಾದಿನ ಗೀತಾ ಸಾರಾಭಾಯಿ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಮೂಗ್ ಸಿಂಥಸೈಜರ್ ಬಂದಿತ್ತು, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಕಟ್ಟಿಕೊಟ್ಟಿದ್ದರು ಎನ್ನುವುದೂ ಆಗಲೇ ತಿಳಿಯಿತು. ಇದು ಬರೀ ಪರದೇಶದ ಹುಚ್ಚಲ್ಲ ಎನ್ನುವ ಧೈರ್ಯ ಬಂತು.

ಅಪ್ಪನಿಗೆ ಆರೋಗ್ಯ ಕೆಟ್ಟಿತು. ಸ್ಟುಡಿಯೋ ಬಿಟ್ಟು ದಾವಣಗೆರೆಗೆ ವಾಪಸ್ ಬಂದರು.

ಮೊದಲ ಕಾರ್ಯಕ್ರಮ

ತೊಡಕು ಎದ್ದದ್ದು ಇಲ್ಲಿ. ಊರಿನ ಸಭಾಂಗಣವೊಂದರಲ್ಲಿ ಕಾರ್ಯಕ್ರಮ ಇಟ್ಟರು. ವೇದಿಕೆ, ಬ್ಯಾನರ್, ಮುಖ್ಯ ಅತಿಥಿ, ಶಾಲು, ಹಾರ ಎಲ್ಲ ಇತ್ತು. ಕೃತಿಗೆ ಮೊದಲು ಕಲಾವಿದೆ ದೀರ್ಘವಾಗಿ ಮಾತಾಡಿದರು. ಕೇಜ್, ಶೆಫರ್, ಅಹಮದಾಬಾದ್ ಎಲ್ಲ ಬಂದವು. ಒಂದು ಮಾತೂ ತಪ್ಪಿರಲಿಲ್ಲ. ಆದರೆ ಮಾತು ಮುಗಿಯುವ ಹೊತ್ತಿಗೆ ಜನರಿಗೆ ತಾವು ಪರೀಕ್ಷೆಗೆ ಬಂದ ಹಾಗೆ ಆಗಿತ್ತು. ಆಮೇಲೆ ಲೈಟು ಆರಿಸಿ, ಖಾಲಿ ಗೋದಾಮುಗಳಲ್ಲಿ ಹಿಡಿದ ಸದ್ದಿನ ಕೃತಿ ಹಾಕಿದರು. ಬಾಡಿಗೆ ಸೌಂಡ್ ಸಿಸ್ಟಂನ ಹುಡುಗ ಎರಡು ಸಲ ಓಡಿ ಬಂದು ಕೇಬಲ್ ಅಲ್ಲಾಡಿಸಿದ. ಗುಂಯ್ ಎನ್ನುವುದು ಅವನ ಲೆಕ್ಕದಲ್ಲಿ ಅರ್ತಿಂಗ್ ಸರಿ ಇಲ್ಲದ್ದಕ್ಕೆ ಬರುವ ಸದ್ದು. ಪಾಪ, ಅವನ ಕೆಲಸ ಅವನು ಮಾಡಿದ. ಹಿಂದಿನ ಸಾಲಿನಿಂದ ಯಾರೋ ಕೇಳಿದರು: "ಹಾಡು ಯಾವಾಗ ಶುರು ಮಾಡ್ತಾರೆ?" ಅರ್ಧಕ್ಕೆ ಅರ್ಧ ಜನ ಎದ್ದು ಹೋದರು.

ಜನರಿಗೆ ತಿಳಿವಳಿಕೆ ಇಲ್ಲ ಎಂದು ಹೇಳಿ ಸುಮ್ಮನಾಗುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ವೇದಿಕೆ, ಹಾರ, ಕುರ್ಚಿ ಸಾಲು ಎಲ್ಲವೂ ಒಂದು ಕಛೇರಿಯ ಮಾತು ಕೊಟ್ಟಿದ್ದವು. ಮಾತು ಕೊಟ್ಟದ್ದು ಬರಲಿಲ್ಲ, ಜನ ಎದ್ದರು.

ಅದಾದ ಮೇಲೆ ಒಬ್ಬ ಕಾರ್ಯಕ್ರಮ ಆಯೋಜಕರು ಸಲಹೆ ಕೊಟ್ಟರು. "ಮೇಡಂ, ಕೆಳಗೆ ಒಂದು ಬೀಟ್ ಹಾಕ್ಬಿಡಿ. ಜನ ಕೂತ್ಕೋತಾರೆ." ಕೈ ಖಾಲಿಯಾಗಿತ್ತು. ಕಲಾವಿದೆ ಒಪ್ಪಿದರು. ಡೊಳ್ಳು, ತಬಲಾ ಲೂಪ್, ಮೇಲೆ ಇವರ ಸದ್ದುಗಳು. ಫ್ಯೂಷನ್ ಎಂದು ಹೆಸರು. ಜನ ಕೂತರು, ದುಡ್ಡೂ ಬಂತು. ತೊಂದರೆ ಎಂದರೆ ಆಮೇಲೆ ಕರೆದವರೆಲ್ಲ ಅದನ್ನೇ ಕೇಳಿದರು. ಕಾಲೇಜು ಡೇ, ಉತ್ಸವ, ಶೋರೂಂ ಉದ್ಘಾಟನೆ. ತಮ್ಮ ಕೆಲಸಕ್ಕೆ ಕೈ ಹಾಕಲು ಅವರಿಗೆ ಹೊತ್ತೇ ಸಿಗಲಿಲ್ಲ. ಕೊನೆಗೆ ಫ್ಯೂಷನ್ ಪೂರ್ತಿ ನಿಲ್ಲಿಸಿದರು. ಸ್ವಲ್ಪ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನಾನು ಕೇಳಿದ್ದೆ. "ಒಂದು ಊರಲ್ಲಿ ನನ್ನ ಹೆಸರಿಗೆ ಒಂದೇ ಬೋರ್ಡು ಹಾಕ್ತಾರೆ ಸರ್. ಆ ಬೋರ್ಡು ಬಿದ್ದಮೇಲೆ ಬದಲಿಸೋದು ಕಷ್ಟ" ಎಂದರು. ಮನೆ ನಡೆಸುವವರಿಗೆ ಇದು ಸುಲಭದ ತೀರ್ಮಾನ ಅಲ್ಲ.

ಅಪ್ಪನ ಕಿವಿ

ಆ ಮೊದಲ ಕಾರ್ಯಕ್ರಮದಲ್ಲಿ ಅಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರಿಗೆ ಹೆಚ್ಚೇನೂ ಕೇಳಿರಲಿಲ್ಲ. ಆದರೂ ಕೊನೆವರೆಗೂ ಎದ್ದಿರಲಿಲ್ಲ. ಮನೆಗೆ ಬಂದ ಮೇಲೆ "ನಿನ್ನ ಸೌಂಡು ಕುರ್ಚೀಲಿ ಬಂತು ನೋಡವ್ವ" ಎಂದರಂತೆ. ಕೈ ಇಟ್ಟಿದ್ದ ಕಡೆ ನಡುಗಿತ್ತು. ಕೆಳಗಿನ ಸ್ವರಗಳು ಪ್ಲಾಸ್ಟಿಕ್ ಕುರ್ಚಿಯನ್ನು ಅದುರಿಸಿದ್ದವು.

ಆ ಒಂದು ಮಾತು ಹಿಡಿದು ಕಲಾವಿದೆ ಕಿವಿ ಪರೀಕ್ಷೆ ಮಾಡಿಸಿದರು. ಆಡಿಯೋಗ್ರಾಮ್ ಎಂಬ ಚೀಟಿ ಕೊಡುತ್ತಾರೆ. ಯಾವ ಎತ್ತರದ ಸ್ವರ ಎಷ್ಟು ಜೋರಿದ್ದರೆ ಕೇಳುತ್ತದೆ ಎನ್ನುವ ಗೆರೆ ಅದರಲ್ಲಿರುತ್ತದೆ. ಅಪ್ಪನ ಗೆರೆ 4000 ಹರ್ಟ್ಸ್ ಹತ್ತಿರ ದಬಕ್ಕನೆ ಕೆಳಗೆ ಬಿದ್ದಿತ್ತು. ಸದ್ದಿನ ನಡುವೆ ವರ್ಷಗಟ್ಟಲೆ ದುಡಿದವರ ಕಿವಿ ಮೊದಲು ಹಾಳಾಗುವುದು ಅಲ್ಲೇ. ಸ, ಶ, ಚ, ತ ತರಹದ ವ್ಯಂಜನಗಳು ಹೋಗುತ್ತವೆ, ಸ್ವರಗಳು ಉಳಿಯುತ್ತವೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಏನು ಎಂದು ಗೊತ್ತಾಗುವುದಿಲ್ಲ. ಸದ್ದಿನಿಂದ ಬರುವ ಈ ಕಿವುಡುತನ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ಅಪ್ಪನ ಕಿವಿಯನ್ನು ಗಿರಣಿಯಲ್ಲಿ ಯಾರೂ ಯಾವತ್ತೂ ಪರೀಕ್ಷಿಸಿರಲಿಲ್ಲ.

ಇಲ್ಲಿಂದ ಒಂದು ಕೃತಿ ಹುಟ್ಟಿತು. ನನ್ನ ಲೆಕ್ಕದಲ್ಲಿ ಅವರ ವೃತ್ತಿಯ ನಿಜವಾದ ಶುರು ಇದು. ಮನೆಯ ಊಟದ ಹೊತ್ತಿನ ಮಾತು ರೆಕಾರ್ಡ್ ಮಾಡಿದರು. ಅದನ್ನು ಅಪ್ಪನ ಆಡಿಯೋಗ್ರಾಮಿನ ಗೆರೆಯ ಪ್ರಕಾರ ಸೋಸಿದರು. ಕೇಳುತ್ತ ಹೋದ ಹಾಗೆ ಮಾತಿನ ಅಂಚುಗಳು ಒಂದೊಂದಾಗಿ ಕರಗುತ್ತವೆ. ಕೊನೆಗೆ ಕಿವಿ ಚೆನ್ನಾಗಿರುವವರಿಗೂ ಅಪ್ಪನಿಗೆ ಕೇಳುವಷ್ಟೇ ಕೇಳುತ್ತದೆ.

ಎರಡನೇ ಭಾಗಕ್ಕೆ ಗಿರಣಿಯ ಸದ್ದು ಬೇಕಿತ್ತು. ಗಿರಣಿ ಇಲ್ಲ, ಅದರ ರೆಕಾರ್ಡಿಂಗ್ ಯಾರ ಹತ್ತಿರವೂ ಸಿಗಲಿಲ್ಲ. ಬೇರೆ ಊರಿನ ಪವರ್‌ಲೂಮ್ ಸದ್ದು ತಂದು ಹಾಕಬಹುದಿತ್ತು. ಜೀರುಂಡೆಯ ಕಥೆ ನೆನಪಿದ್ದ ಅವರು ಒಪ್ಪಲಿಲ್ಲ. ಬದಲಿಗೆ ಒಂದು ತೇಗದ ಹಲಗೆ ತಗೊಂಡು, ಅದರ ಕೆಳಗೆ ಪೀಜೋ ಡಿಸ್ಕ್ ಅಂಟಿಸಿದರು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಹಿತ್ತಾಳೆ ಬಿಲ್ಲೆ ಅದು. ಗಾಳಿಯ ಸದ್ದನ್ನು ಹಿಡಿಯುವುದಿಲ್ಲ, ಅಂಟಿಸಿದ ವಸ್ತುವಿನ ಅದುರುವಿಕೆಯನ್ನು ಹಿಡಿಯುತ್ತದೆ. ನಿವೃತ್ತ ಕಾರ್ಮಿಕರ ಮನೆಗೆ ಹೋಗಿ, ಹಲಗೆ ಮುಂದಿಟ್ಟು, "ನಿಮ್ಮ ಮಗ್ಗ ಹೆಂಗೆ ಹೊಡೀತಿತ್ತು, ಬೆರಳಲ್ಲಿ ಬಾರಿಸಿ ತೋರಿಸಿ ಕಾಕಾ" ಎಂದರು. ನಾನು ಒಂದೆರಡು ಮನೆಗೆ ಜೊತೆಗೆ ಹೋಗಿದ್ದೆ. ಹೆಸರು ಮರೆತವರೂ ಲಯ ಮರೆತಿರಲಿಲ್ಲ. ಹಳೆಯ ಲಾಳಿ ಮಗ್ಗ ನಿಮಿಷಕ್ಕೆ 200ರ ಆಸುಪಾಸು ಹೊಡೆತ ಹೊಡೆಯುತ್ತದೆ. ಬೆರಳುಗಳೂ ಹೆಚ್ಚು ಕಡಿಮೆ ಅಲ್ಲೇ ಬಂದು ನಿಂತವು.

ಕಾರ್ಯಕ್ರಮ ಇಟ್ಟದ್ದು ಕಾರ್ಮಿಕರ ಕಾಲೊನಿಯ ಸಮುದಾಯ ಭವನದಲ್ಲಿ. ವೇದಿಕೆ ಇಲ್ಲ. ಉದ್ದ ಬೆಂಚುಗಳ ಅಡಿಗೆ ಟ್ರಾನ್ಸ್‌ಡ್ಯೂಸರ್ ಕೂರಿಸಿದ್ದರು. ಅದು ಕೋನ್ ಇಲ್ಲದ ಸ್ಪೀಕರ್. ಹಲಗೆಗೆ ಬಿಗಿದರೆ ಹಲಗೆಯೇ ನುಡಿಯುತ್ತದೆ. ಕಿವಿ ಕೇಳದವರಿಗೆ ತೊಡೆಗೆ, ಅಂಗೈಗೆ ಕೇಳುತ್ತದೆ. ಈ ಸಲ ಮೊದಲು ಭಾಷಣ ಇರಲಿಲ್ಲ. ಒಂದೇ ಮಾತು ಹೇಳಿದರು: "ನಮ್ಮ ಮಾವ ನಾಟಕದಲ್ಲಿ ತಗಡು ಬಡಿದು ಗುಡುಗು ಮಾಡ್ತಿದ್ರು. ನಾನೂ ಅದೇ ಕೆಲಸದವಳು. ಇವತ್ತು ಮಿಲ್ಲು ಮಾಡ್ತೀನಿ."

ಯಾರೂ ಏಳಲಿಲ್ಲ. ಅದಕ್ಕಿಂತ ಮುಖ್ಯವಾದದ್ದು ಬೇರೆ. ನಡುವೆಯೇ ಒಬ್ಬರು ಕೈ ಎತ್ತಿ "ನಮ್ಮ ಮಗ್ಗ ಇಷ್ಟು ಸುಸ್ತಾಗಿ ಹೊಡೀತಿರಲಿಲ್ಲ ತಂಗಿ" ಎಂದರು. ಪಕ್ಕದವರು ಒಪ್ಪಲಿಲ್ಲ. ರಾತ್ರಿ ಪಾಳಿಯಲ್ಲಿ ಹಾಗೇ ಇರುತ್ತಿತ್ತು ಎಂದರು. ಗಲಾಟೆ ಆಯಿತು. ಕಲಾವಿದೆ ನಿಲ್ಲಿಸಿ, ಹಲಗೆ ತಂದು ಅವರ ಮುಂದಿಟ್ಟರು. ಹೊಸ ಲಯ ಅಲ್ಲೇ ಸೇರಿತು. ಮುಂದಿನ ಸಲ ಆಡಿದಾಗ ಎರಡೂ ಪಾಳಿ ಬಂದವು.

ಮೊದಲ ಕಾರ್ಯಕ್ರಮದಲ್ಲಿ ಕೇಳುಗರಿಗೆ ಹೇಳಲು ಏನೂ ಇರಲಿಲ್ಲ. ಇಲ್ಲಿ ಸಂಯೋಜಕಿಗಿಂತ ಅವರಿಗೇ ಜಾಸ್ತಿ ಗೊತ್ತಿತ್ತು. ಕೃತಿ ಅಷ್ಟೇ ವಿಚಿತ್ರವಾಗಿತ್ತು, ಒಂದು ತಬಲಾ ಬೀಟೂ ಸೇರಿಸಿರಲಿಲ್ಲ. ಬದಲಾದದ್ದು ಜಾಗ, ಮತ್ತು ಯಾರು ಯಾರಿಗೆ ವಿವರಿಸುತ್ತಿದ್ದಾರೆ ಎನ್ನುವುದು.

ಭಟ್ಟಿಯಲ್ಲಿ ಕತ್ತರಿಸಿದ ಭಾಗ

ಮುಂದಿನ ಕೆಲಸ ಮಂಡಕ್ಕಿ ಭಟ್ಟಿ. ದಾವಣಗೆರೆಯಲ್ಲಿ ಶಬ್ದ ಹುಡುಕುವವರು ಅಲ್ಲಿಗೆ ಹೋಗದೆ ಇರಲು ಸಾಧ್ಯವೇ ಇಲ್ಲ. ಕಾದ ಮರಳಿಗೆ ಅಕ್ಕಿ ಬಿದ್ದಾಗಿನ ಚಟಪಟ, ಮರಳು ಕೆದಕುವ ಕಬ್ಬಿಣ, ಜರಡಿಯ ಸರ್ ಸರ್. ತಾಂತ್ರಿಕ ಕಷ್ಟಗಳು ಬೇಕಾದಷ್ಟು. ಪೀಜೋ ಡಿಸ್ಕ್ ಅಂಟಿಸಿದ ಗ್ಲೂ ಬಿಸಿಗೆ ಕರಗಿ ಬಿತ್ತು, ಎಂ-ಸೀಲ್ ಹಚ್ಚಿದರು. ದೂಳು ರೆಕಾರ್ಡರ್ ಒಳಗೆ ಹೋಗಿ ಒಂದು ಕೆಟ್ಟೇ ಹೋಯಿತು. ಇವನ್ನೆಲ್ಲ ದುಡ್ಡು ಕೊಟ್ಟು ಸರಿ ಮಾಡಬಹುದು.

ಸರಿ ಮಾಡಲಾಗದ್ದು ಬೇರೆ ಇತ್ತು. ಕೆಲಸ ಮಾಡುವ ಹೆಂಗಸರು ಇವರ ಜೊತೆ ಸಲೀಸಾಗಿ ಬೆರೆತರು. ಮೈಕ್ ಇದೆ ಎನ್ನುವುದನ್ನೇ ಮರೆತರು. ಕೂಲಿ, ಮುಂಗಡ, ಮಾಲೀಕ, ಸೊಸೆ, ಹೊಗೆಗೆ ಬರುವ ಕೆಮ್ಮು, ಎಲ್ಲ ಮಾತಾಡಿದರು. ಕನ್ನಡದಲ್ಲಿ, ಉರ್ದುವಿನಲ್ಲಿ, ಎರಡೂ ಸೇರಿಸಿ. ಇಡೀ ರೆಕಾರ್ಡಿಂಗಿನಲ್ಲಿ ಅದೇ ಜೀವಂತ ಭಾಗ. ನಾನು ಕೇಳಿದ್ದೇನೆ. ಜರಡಿಯ ಲಯದ ಮೇಲೆ ಆ ನಗು ಬರುವ ರೀತಿಯನ್ನು ಯಾವ ಸಂಯೋಜಕರೂ ಬರೆದು ತರಲಾರರು.

ಬೆಂಗಳೂರಿನ ಗ್ಯಾಲರಿಯೊಂದು ಈ ಕೃತಿ ಕೇಳಿತ್ತು. ಅವರಿಗೂ ಮಾತಿನ ಭಾಗವೇ ಬೇಕಿತ್ತು. ಹೆಂಗಸರನ್ನು ಕೇಳಿದರೆ "ಹಾಕ್ರೀ, ಏನಾಗ್ತದೆ" ಎಂದಿದ್ದರು. ಒಪ್ಪಿಗೆ ಸಿಕ್ಕಿತು ಎಂದು ಮುಂದುವರಿಯಬಹುದಿತ್ತು. ಕಲಾವಿದೆ ಲ್ಯಾಪ್‌ಟಾಪ್ ತಗೊಂಡು ಹೋಗಿ, ಒಬ್ಬೊಬ್ಬರಿಗೆ ಹೆಡ್‌ಫೋನ್ ಹಾಕಿ, ಅವರ ಮಾತನ್ನು ಅವರಿಗೇ ಕೇಳಿಸಿದರು. ಮೊದಲು ನಕ್ಕರು. ಆಮೇಲೆ ಒಬ್ಬಾಕೆ ಹೆಡ್‌ಫೋನ್ ತೆಗೆದು "ಇದು ಸೇಟ್‌ಗೆ ಕೇಳಿದ್ರೆ ನಾಳೆಯಿಂದ ಕೆಲಸ ಇಲ್ಲ" ಎಂದರು. ಒಪ್ಪಿಗೆ ಎರಡು ಸಲ ಕೇಳಬೇಕು ಎನ್ನುವುದು ಅಲ್ಲಿಂದ ಅವರ ನಿಯಮ ಆಯಿತು. ರೆಕಾರ್ಡ್ ಮಾಡುವ ಮುಂಚೆ ಒಮ್ಮೆ, ಕೇಳಿಸಿದ ಮೇಲೆ ಒಮ್ಮೆ. ಎರಡನೆಯದೇ ನಿಜವಾದ ಒಪ್ಪಿಗೆ.

ಮಾತಿನ ಭಾಗ ಪೂರ್ತಿ ತೆಗೆದರು. ಗ್ಯಾಲರಿಯವರಿಗೆ ಆಸಕ್ತಿ ಕಡಿಮೆಯಾಯಿತು, ಪ್ರದರ್ಶನ ಸಣ್ಣ ಮೂಲೆಗೆ ಹೋಯಿತು. ಭಟ್ಟಿಯ ಮಾಲೀಕರಿಗೂ ಒಂದು ಹೆದರಿಕೆ ಇತ್ತು, ಹೊಗೆಯ ದೂರಿಗೆ ಇದು ಸಾಕ್ಷಿ ಆದರೆ ಎಂದು. ಭಟ್ಟಿ ಎಲ್ಲಿಯದು ಎಂದು ಎಲ್ಲೂ ಹಾಕಲಿಲ್ಲ. ವೃತ್ತಿಯ ಲೆಕ್ಕದಲ್ಲಿ ನೋಡಿದರೆ ಇದು ನಷ್ಟ. ಆದರೆ ಆ ಬೀದಿಯಲ್ಲಿ ಇವತ್ತಿಗೂ ಅವರು ಮೈಕ್ ಹಿಡಿದು ಹೋಗಬಹುದು, ಚಹಾ ಸಿಗುತ್ತದೆ. ಅದೇ ಊರಿನಲ್ಲಿ ಇದ್ದು ಕೆಲಸ ಮಾಡುವವರಿಗೆ ಈ ಲೆಕ್ಕ ಬೇರೆ. ಬಂದು ಹೋಗುವವರಿಗೆ ಇದು ಅರ್ಥವಾಗುವುದು ಕಷ್ಟ.

ಚಳ್ಳಕೆರೆ ಕಡೆಯ ಒಂದು ಗೊಲ್ಲರಹಟ್ಟಿಯಲ್ಲೂ ಇಂಥದ್ದೇ ಪ್ರಶ್ನೆ ಎದುರಾಯಿತು. ಹಿರಿಯರೊಬ್ಬರು ಗಣೆ ನುಡಿಸಿದ್ದನ್ನು ಇವರು ರೆಕಾರ್ಡ್ ಮಾಡಿದ್ದರು. ಗಣೆ ಎಂದರೆ ಕಾಡುಗೊಲ್ಲರ ಬಿದಿರಿನ ಕೊಳಲು, ಅವರ ದೈವ ಜುಂಜಪ್ಪನ ಕಥೆಯ ಜೊತೆ ಬರುವುದು. ಜಾಹೀರಾತು ಸಂಗೀತ ಮಾಡುವವರೊಬ್ಬರು ಅದರ ಒಂದು ತುಣುಕನ್ನು ಲೂಪ್ ಮಾಡಲು ಕೇಳಿದರು. ಕೊಡುತ್ತೇವೆಂದ ಹಣ ಆಗ ಅವರಿಗೆ ದೊಡ್ಡದು. ಕಾನೂನು ಏನನ್ನುತ್ತದೆ ನೋಡಿದರು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ರೆಕಾರ್ಡಿಂಗಿನ ಹಕ್ಕು ಅದನ್ನು ಮಾಡಿದವರದು, 60 ವರ್ಷ. ನುಡಿಸಿದವರಿಗೂ ಪ್ರದರ್ಶಕರ ಹಕ್ಕು ಇದೆ, 50 ವರ್ಷ. ಹಾಗಾಗಿ ಬರೀ ಸೌಜನ್ಯಕ್ಕೆ ಕೇಳುವುದಲ್ಲ, ಕೇಳಲೇಬೇಕು. ಹೋಗಿ ಕೇಳಿದರು. "ಅದು ದೇವ್ರದ್ದು ಕಣವ್ವ, ಸೋಪು ಮಾರಾಕೆ ಬ್ಯಾಡ. ಕುರಿ ಹಟ್ಟಿ ಸದ್ದು ಬೇಕಾದ್ರೆ ತಗಂಡೋಗು" ಎಂದರು ಹಿರಿಯರು. ಜಾಹೀರಾತಿನವರಿಗೆ ಕುರಿ ಬೇಕಿರಲಿಲ್ಲ. ಅಲ್ಲಿಗೆ ಮುಗಿಯಿತು.

ಆಮೇಲೆ ಒಂದು ಪುಟದ ಒಪ್ಪಂದ ಬರೆದುಕೊಂಡರು, ಸರಳ ಕನ್ನಡದಲ್ಲಿ. ಏನು ರೆಕಾರ್ಡ್ ಆಯಿತು, ಎಲ್ಲಿ ಕೇಳಿಸುತ್ತೇನೆ, ಎಲ್ಲಿ ಕೇಳಿಸುವುದಿಲ್ಲ, ದುಡ್ಡು ಬಂದರೆ ಪಾಲು ಎಷ್ಟು, ಬೇಡ ಎಂದರೆ ಯಾವಾಗ ಬೇಕಾದರೂ ಅಳಿಸುತ್ತೇನೆ. ಓದಲು ಬಾರದವರಿಗೆ ಓದಿ ಹೇಳಿ, ಆ ಓದನ್ನೂ ರೆಕಾರ್ಡ್ ಮಾಡುತ್ತಾರೆ. ಯಾರು ಬೇಕಾದರೂ ನಕಲು ಮಾಡಬಹುದಾದ ಪದ್ಧತಿ ಇದು. ದುಡ್ಡು ಖರ್ಚಿಲ್ಲ.

ಕೋಟೆಯಲ್ಲಿ ಸ್ಪೀಕರ್ ಇಲ್ಲದ ಕೃತಿ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ಅಲ್ಲಲ್ಲಿ ಸ್ಪೀಕರ್ ಇಟ್ಟು ಒಂದು ಕೃತಿ ಮಾಡುವುದು ಅವರ ಬಹಳ ದಿನದ ಆಸೆ. ಕೋಟೆ ಸಂರಕ್ಷಿತ ಸ್ಮಾರಕ. ಒಳಗೆ ಏನು ಮಾಡಲೂ ಅನುಮತಿ ಬೇಕು. ಅರ್ಜಿ ಹಾಕಿದರು, ಓಡಾಡಿದರು, ಆಗಲಿಲ್ಲ. ನಿಯಮ ಇರುವುದು ಸ್ಮಾರಕ ಉಳಿಯಲಿ ಎಂದೇ, ಅದರಲ್ಲಿ ಜಗಳ ಆಡುವಂಥದ್ದು ಏನಿಲ್ಲ.

ಆಗ ಯೋಜನೆಯಿಂದ ಸ್ಪೀಕರನ್ನೇ ತೆಗೆದರು. ಕೆನಡಾದಲ್ಲಿ 1970ರ ದಶಕದಲ್ಲಿ ಸಂಯೋಜಕ ಮರ್ರೇ ಶೇಫರ್ (ಫ್ರಾನ್ಸಿನ ಶೆಫರ್ ಅಲ್ಲ, ಇವರು ಬೇರೆ) ಮತ್ತು ಅವರ ಜೊತೆಗಾರರು ಶುರು ಮಾಡಿದ ಒಂದು ಅಭ್ಯಾಸ ಇದೆ. ಗುಂಪಾಗಿ, ಮಾತಾಡದೆ, ಬರೀ ಕೇಳುತ್ತಾ ನಡೆಯುವುದು. ಕಲಾವಿದೆ ಅದನ್ನು ಕೋಟೆಗೆ ತಂದರು. ಟಿಕೆಟ್ ತಗೊಂಡು ಹೋಗುವ ಸಾಮಾನ್ಯ ಪ್ರವಾಸಿಗರ ಹಾಗೆ ಹೋಗುವುದು, ಅಷ್ಟೇ. ನಿಲ್ಲುವ ಜಾಗಗಳನ್ನು ಅವರು ಸಂಗೀತದ ಹಾಗೆ ಜೋಡಿಸಿದ್ದಾರೆ. ಬಾಗಿಲಿಂದ ಬಾಗಿಲಿಗೆ ತಿರುಗುವಾಗ ಊರಿನ ಹಾರ್ನ್ ಸದ್ದು ಹೇಗೆ ಕಡಿಮೆಯಾಗುತ್ತದೆ ಎಂದು ಕೇಳುವುದು. ಸಿಡಿಮದ್ದು ಬೀಸುವ ಕಲ್ಲುಗಳ ಗುಂಡಿಯ ಅಂಚಿನಲ್ಲಿ ನಿಂತು, ಆ ಕಲ್ಲು ತಿರುಗುತ್ತಿದ್ದಾಗ ಎಷ್ಟು ಸದ್ದಿತ್ತು ಎಂದು ಊಹಿಸುವುದು. ಓಬವ್ವನ ಕಿಂಡಿಯ ಹತ್ತಿರ, ಬಂಡೆಗಳ ನಡುವೆ, ತಮ್ಮದೇ ಉಸಿರು ಕೇಳುವುದು. ದೂರದ ಬಂಡೆಗೆ ಮುಖ ಮಾಡಿ ಒಂದು ಚಪ್ಪಾಳೆ ಹೊಡೆದು, ಅದು ಎಷ್ಟು ಹೊತ್ತಿಗೆ ವಾಪಸ್ ಬರುತ್ತದೆ ಎಂದು ಎಣಿಸುವುದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅರ್ಧ ಸೆಕೆಂಡಿಗೆ ಬಂದರೆ ಬಂಡೆ 85 ಮೀಟರ್ ದೂರ. ಇದನ್ನು ಕೇಳಿ ವಿಜ್ಞಾನದ ಮೇಷ್ಟ್ರುಗಳು ಮಕ್ಕಳನ್ನು ಕಟ್ಟಿಕೊಂಡು ಬಂದರು.

ಶಾಲೆಗಳು ಇದಕ್ಕೆ ಗೌರವಧನ ಕೊಡುತ್ತವೆ. ಸ್ಪೀಕರ್ ಬಾಡಿಗೆ ಇಲ್ಲ, ಕರೆಂಟ್ ಇಲ್ಲ, ಸಾಗಾಟ ಇಲ್ಲ. ಅವರ ಎಲ್ಲ ಕೃತಿಗಳಲ್ಲಿ ಖರ್ಚಿಲ್ಲದೆ ಹಣ ತಂದದ್ದು ಇದೊಂದೇ.

ದುಡ್ಡಿನ ವಿಷಯ

ಇಂಥ ಬರಹಗಳಲ್ಲಿ ದುಡ್ಡಿನ ಮಾತು ಯಾಕೋ ಬರುವುದೇ ಇಲ್ಲ. ಸದ್ದಿನ ಕೃತಿಗಳಿಂದ ಅವರ ಮನೆ ನಡೆಯುವುದಿಲ್ಲ. ನಡೆಯುವುದು ನಾಟಕದಿಂದ. ಹವ್ಯಾಸಿ ತಂಡಗಳಿಗೆ ಧ್ವನಿ ವಿನ್ಯಾಸ, ಅಲ್ಲಿ ಇಲ್ಲಿ ಆಡಿಯೋ ಎಡಿಟಿಂಗ್, ಹಳೆಯ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಿಕೊಡುವುದು. ಈ ಭಾಗದಲ್ಲಿ ನಾಟಕದ ಬೇಡಿಕೆ ಕಡಿಮೆ ಇಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಂಥ ಹಳ್ಳಿಯಿಂದ ಶಿವಸಂಚಾರ ತಂಡ ಪ್ರತಿ ವರ್ಷ ನಾಡು ಸುತ್ತುವ ಜಿಲ್ಲೆ ಪಕ್ಕದಲ್ಲೇ ಇದೆ. ನಾಟಕದವರಿಗೆ ಸದ್ದು ಬೇಕು, ವಿಚಿತ್ರ ಸದ್ದಾದರೂ ಹೆದರುವುದಿಲ್ಲ. ಹಾಗಾಗಿ ಹೊಟ್ಟೆಪಾಡಿನ ಕೆಲಸ ಅವರ ಕಿವಿಯನ್ನು ಕೆಡಿಸಲಿಲ್ಲ. ಫ್ಯೂಷನ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ತಮ್ಮ ಕೃತಿಯನ್ನೇ ಬಗ್ಗಿಸಿ ಮಾರಬೇಕಿತ್ತು. ಇಲ್ಲಿ ಕೈಚಳಕ ಮಾರುತ್ತಾರೆ, ಕೃತಿಯನ್ನು ಬೇರೆ ಇಟ್ಟುಕೊಂಡಿದ್ದಾರೆ.

ಅನುದಾನದ ಅರ್ಜಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದೂಸ್ತಾನಿ, ಕರ್ನಾಟಕ, ಸುಗಮ ಸಂಗೀತ, ಜಾನಪದ ಎಂಬ ಕಾಲಂಗಳಲ್ಲಿ ಇವರು ಎಲ್ಲೂ ಕೂರುವುದಿಲ್ಲ. ಕೆಲವು ಸಲ ಚಿತ್ರಕಲೆಯವರ ಜೊತೆ ಸೇರಿ ಅರ್ಜಿ ಹಾಕಿದ್ದು ಕೆಲಸ ಮಾಡಿತು. ದೃಶ್ಯಕಲಾ ಕಾಲೇಜು ಇರುವ ಊರಲ್ಲಿ ಅಂಥ ಜೊತೆಗಾರರು ಸಿಗುತ್ತಾರೆ. ಬಂದ ಅನುದಾನದಿಂದ ಉಪಕರಣ ಕೊಂಡರು, ಮನೆ ಖರ್ಚಿಗೆ ಮುಟ್ಟಲಿಲ್ಲ. ಅನುದಾನ ನಿಂತ ವರ್ಷವೂ ಕೆಲಸ ನಿಲ್ಲಲಿಲ್ಲ, ಕಾರಣ ಇದೇ.

ಇನ್ನೂ ಬಗೆಹರಿಯದ್ದು

ಬೆಂಗಳೂರಿಗೆ ಹೋಗದೆ ಆಗುತ್ತದಾ ಎಂಬ ಪ್ರಶ್ನೆಗೆ ಈ ಪ್ರಕರಣ ಪೂರ್ತಿ ಉತ್ತರ ಕೊಡುವುದಿಲ್ಲ. ಅವರು ಕೆಲಸ ಕಲಿತದ್ದು ಬೆಂಗಳೂರಿನ ಸ್ಟುಡಿಯೋದಲ್ಲೇ. ಈ ಕಲೆಯ ಬಗ್ಗೆ ತಿಳಿದದ್ದೂ ಅಲ್ಲೇ. ಆದರೆ ಗಟ್ಟಿಯಾದ ಕೃತಿಗಳೆಲ್ಲ ಬಂದದ್ದು ಇಲ್ಲಿ ನೆಲೆ ನಿಂತ ಮೇಲೆ. ಮಗ್ಗದ ಕೃತಿ ಬೇರೆ ಊರಲ್ಲಿ ಆಡಿದಾಗ ಜನ ಮೆಚ್ಚುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ. ಯಾರೂ ತಿದ್ದುವುದಿಲ್ಲ. ತಿದ್ದುವವರು ಇಲ್ಲದ ಕಡೆ ಅದು ಸ್ವಲ್ಪ ಸಪ್ಪೆ ಆಗುತ್ತದೆ ಎಂದು ಅವರೇ ಹೇಳುತ್ತಾರೆ. ಹಾಗಾಗಿ ಈಗ ಬೇರೆ ಊರಿಗೆ ಕರೆದರೆ, ಮೊದಲು ಅಲ್ಲಿ ಅಂಥ ಕೆಲಸ ಮಾಡಿದವರು ಯಾರಾದರೂ ಇದ್ದಾರಾ ಎಂದು ವಿಚಾರಿಸಿ, ಹಲಗೆ ತಗೊಂಡು ನಾಲ್ಕು ದಿನ ಮುಂಚೆ ಹೋಗುತ್ತಾರೆ. ಅದಕ್ಕೆ ಒಪ್ಪದ ಆಯೋಜಕರಿಗೆ ಬರುವುದಿಲ್ಲ ಎಂದು ಹೇಳುತ್ತಾರೆ. ಇದರಿಂದ ಕಾರ್ಯಕ್ರಮಗಳು ಕಡಿಮೆಯಾಗಿವೆ.

ಇಬ್ಬರು ಹುಡುಗಿಯರು, ಒಬ್ಬ ಹುಡುಗ ಕಲಿಯಲು ಬರುತ್ತಿದ್ದಾರೆ. ಆ ಹುಡುಗ ಯಾರು ಗೊತ್ತಾ? ಮೊದಲ ಕಾರ್ಯಕ್ರಮದಲ್ಲಿ ಕೇಬಲ್ ಅಲ್ಲಾಡಿಸಿದವನ ತಮ್ಮ. ಪೀಜೋ ಡಿಸ್ಕ್‌ಗೆ ಬೆಸುಗೆ ಹಾಕುವುದರಲ್ಲಿ ಈಗ ಅವನೇ ಎಲ್ಲರಿಗಿಂತ ಮುಂದು.

ದೊಡ್ಡ ಚಿಂತೆ ಸಂಗ್ರಹದ್ದು. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋದಲ್ಲಿ ಒಂದು ಗಂಟೆಯ ರೆಕಾರ್ಡಿಂಗ್ ಎಂದರೆ ಸುಮಾರು 1 ಜಿಬಿ. ವರ್ಷಗಟ್ಟಲೆ ಹಿಡಿದದ್ದು ಹಾರ್ಡ್ ಡಿಸ್ಕ್‌ಗಳಲ್ಲಿ ತುಂಬಿದೆ. ಹಾರ್ಡ್ ಡಿಸ್ಕ್ ಯಾವತ್ತಾದರೂ ಕೈ ಕೊಡುತ್ತದೆ. ಬೆರಳಲ್ಲಿ ಮಗ್ಗ ನುಡಿಸಿದವರಲ್ಲಿ ಕೆಲವರು ಈಗ ಇಲ್ಲ. ಒಂದು ಸಂಸ್ಥೆ ಎಲ್ಲವನ್ನೂ ಇಟ್ಟುಕೊಳ್ಳುತ್ತೇವೆ ಎಂದು ಮುಂದೆ ಬಂದಿತ್ತು. ಆದರೆ ಹಕ್ಕು ಪೂರ್ತಿ ತಮಗೆ ಬರೆದುಕೊಡಬೇಕು ಎಂದಿತು. ಒಂದು ಪುಟದ ಆ ಒಪ್ಪಂದಗಳಲ್ಲಿ "ಬೇಡ ಎಂದರೆ ಅಳಿಸುತ್ತೇನೆ" ಎಂದು ಬರೆದಾಗಿದೆ. ಹಕ್ಕು ಬೇರೆಯವರಿಗೆ ಹೋದರೆ ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ. ಕೊಡಲಿಲ್ಲ. ಸದ್ಯಕ್ಕೆ ಒಂದು ಪ್ರತಿ ತಮ್ಮ ಮನೆಯಲ್ಲಿ, ಒಂದು ಪ್ರತಿ ಬೇರೆ ಊರಿನ ಸ್ನೇಹಿತರ ಮನೆಯಲ್ಲಿ ಇದೆ. ಜೊತೆಗೆ, ಯಾರ ಸದ್ದು ಅದೋ ಅವರ ಮನೆಗೆ ಒಂದು ಪೆನ್ ಡ್ರೈವ್ ಕೊಡುತ್ತಿದ್ದಾರೆ. ಎಷ್ಟೋ ಮನೆಗಳಲ್ಲಿ ಅದನ್ನು ಹಾಕಲು ಕಂಪ್ಯೂಟರ್ ಇಲ್ಲ ಎಂದು ಗೊತ್ತಾದ ಮೇಲೆ, ಮೊಮ್ಮಕ್ಕಳ ಮೊಬೈಲಿಗೆ ಚಿಕ್ಕ ಫೈಲ್ ಮಾಡಿ ಹಾಕಿಕೊಡುವುದು ಶುರುವಾಗಿದೆ. ಈಗ ಆ ಕೆಲಸ ಕಲಿಯಲು ಬಂದ ಮೂವರ ಪಾಲಿಗೆ ಬಿದ್ದಿದೆ.